‘ಲೈಫ್‌ಟೈಮ್’ ಆಯಿಲ್: ಯಾರ ಲೈಫ್‌ಟೈಮ್?

ಹತ್ತು-ಹನ್ನೆರಡು ವರ್ಷ ಹಳೆಯ ಬಿಎಂಡಬ್ಲ್ಯು 5 ಸೀರೀಸ್ ಸೆಡಾನ್ ಈಗ ಹೊಸ ಮಿಡ್‌ಸೈಜ್ ಎಸ್‌ಯುವಿಯ ಬೆಲೆಗೆ ಸಿಗುತ್ತೆ. ‘ಫುಲ್ ಸರ್ವೀಸ್ ಹಿಸ್ಟರಿ ಇದೆ ಸರ್’ ಅಂತ ಡೀಲರ್ ಫೈಲ್ ಮುಂದಿಡ್ತಾರೆ. ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್ ಎಲ್ಲದರ ಲೆಕ್ಕವೂ ಅದರಲ್ಲಿರುತ್ತೆ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಮಾತ್ರ ಬಹುತೇಕ ಇರೋದಿಲ್ಲ. ಯಾಕಂದ್ರೆ ಕಂಪನಿಯ ಮಾಮೂಲಿ ಸರ್ವೀಸ್ ಪಟ್ಟಿಯಲ್ಲೇ ಅದಿಲ್ಲ. ಅದು ‘ಲೈಫ್‌ಟೈಮ್’ ಆಯಿಲ್.

ಇಂಥ ಕಾರುಗಳ ಎರಡನೇ, ಮೂರನೇ ಮಾಲೀಕರು ಹೇಳೋ ದೂರುಗಳು ಒಂದನ್ನೊಂದು ಹೋಲುತ್ತವೆ. ಡ್ರೈವ್‌ಗೆ ಹಾಕಿದ ಮೇಲೆ ಒಂದು ಕ್ಷಣ ತಡವಾಗಿ ಕಾರು ಮುಂದೆ ಹೋಗುತ್ತೆ. ನಿಲ್ಲಿಸುವಾಗ ಎರಡರಿಂದ ಒಂದನೇ ಗೇರ್‌ಗೆ ಇಳಿಯೋ ಹೊತ್ತಲ್ಲಿ ಯಾರೋ ಹಿಂದಿನಿಂದ ತಳ್ಳಿದಂತೆ ಜರ್ಕ್. ನಿಧಾನ ವೇಗದಲ್ಲಿ ನಡುಕ.

ಈ ಕಾರಿನ ಎಂಟು ಸ್ಪೀಡ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸಿದ್ದು ಬಿಎಂಡಬ್ಲ್ಯು ಅಲ್ಲ, ಜರ್ಮನಿಯ ಝಡ್‌ಎಫ್. ಕಠಿಣ ಬಳಕೆಯಲ್ಲಿ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಅದೇ ಝಡ್‌ಎಫ್ ಶಿಫಾರಸು ಮಾಡುತ್ತೆ. ಅಂದ್ರೆ ಗೇರ್‌ಬಾಕ್ಸ್ ಮಾಡಿದವರು ಬದಲಿಸಿ ಅಂತಾರೆ, ಕಾರು ಮಾರಿದವರು ಬೇಕಿಲ್ಲ ಅಂತಾರೆ.

ಈ ಆಯಿಲ್ ಬರೀ ಜಾರಿಕೆಗಲ್ಲ. ಅದೇ ಒತ್ತಡದಿಂದ ಕ್ಲಚ್‌ಗಳನ್ನು ಒತ್ತುತ್ತೆ, ಅದೇ ಬಿಸಿಯನ್ನು ಹೊತ್ತೊಯ್ಯುತ್ತೆ. ಕ್ಲಚ್ ಸವೆದ ಪುಡಿಯೂ ಅದರಲ್ಲೇ ಸೇರುತ್ತೆ. ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡೋ ಕಾರಿಗೆ ‘ಕಠಿಣ ಬಳಕೆ’ ಅನ್ನೋದು ದಿನದ ಮಾತು.

ಹಾಗಾದ್ರೆ ‘ಲೈಫ್‌ಟೈಮ್’ ಯಾರದ್ದು? ವಾರಂಟಿ ಅವಧಿಯಲ್ಲಿ ಈ ಗೇರ್‌ಬಾಕ್ಸ್ ಸಾಮಾನ್ಯವಾಗಿ ಕೆಡಲ್ಲ. ಮೊದಲ ಮಾಲೀಕನಿಗೆ ಮೆಂಟೆನೆನ್ಸ್ ಖರ್ಚು ಉಳಿಯುತ್ತೆ, ಕಂಪನಿಗೆ ‘ಕಡಿಮೆ ಖರ್ಚಿನ ಕಾರು’ ಅಂತ ಹೇಳಿಕೊಳ್ಳೋಕೆ ಅನುಕೂಲ. ಬಿಲ್ ಬರೋದು ಎರಡನೇ ಮಾಲೀಕನಿಗೆ, ಅದೂ ಲಕ್ಷಗಳಲ್ಲಿ.

ಕಾನೂನು ಅವನ ಕೈ ಹಿಡಿಯುತ್ತಾ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸರ್ಕಾರಕ್ಕೆ ರೀಕಾಲ್ ಅಧಿಕಾರ ಕೊಟ್ಟಿತು. ಆದರೆ 2021ರ ನಿಯಮಗಳ ಪ್ರಕಾರ ಅದು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ದೋಷ ಜನರಿಗೆ ಅಥವಾ ಪರಿಸರಕ್ಕೆ ಹಾನಿ ತರುವಂಥದ್ದೂ ಆಗಿರಬೇಕು. ಗೇರ್‌ಬಾಕ್ಸ್ ತಕರಾರು ಶುರುವಾಗೋ ವಯಸ್ಸಿಗೆ ಸರಿಯಾಗಿ ಬಾಗಿಲು ಮುಚ್ಚಿರುತ್ತೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ 1930ರ ಸರಕು ಮಾರಾಟ ಕಾಯ್ದೆಯ ‘ಕೊಳ್ಳುವವನೇ ಎಚ್ಚರ’ ತತ್ವವೇ ಎದುರಾಗುತ್ತೆ. ಡೀಲರ್ ದೋಷ ಮುಚ್ಚಿಟ್ಟಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಮುಚ್ಚಿಟ್ಟಿದ್ದರು ಅಂತ ಸಾಬೀತು ಮಾಡೋದು ಹೇಗೆ?

ಮಾಲೀಕರ ದೂರುಗಳನ್ನು ಕುರುಡಾಗಿ ನಂಬಬೇಕಿಲ್ಲ. ತೊಂದರೆ ಇಲ್ಲದವರು ದೂರು ಬರೆಯೋದಿಲ್ಲ. ‘ಟಕ್’ ಅನ್ನೋ ಸದ್ದಿಗೆ ಎಷ್ಟೋ ಸಲ ಗೇರ್‌ಬಾಕ್ಸ್ ಕಾರಣವೇ ಅಲ್ಲ, ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್ ಅಥವಾ ಎಂಜಿನ್ ಮೌಂಟ್ ಸವೆದಿರುತ್ತೆ. ಆದರೆ ದೂರುಗಳನ್ನು ಒಂದೆಡೆ ಸೇರಿಸಿ ನೋಡಿದಾಗ ಏನಾಗುತ್ತೆ ಅನ್ನೋದಕ್ಕೆ ಚೀನಾದ ಉದಾಹರಣೆ ಇದೆ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಗೇರ್‌ಬಾಕ್ಸ್ ಬಗ್ಗೆ ಅಲ್ಲಿನ ಮಾಲೀಕರು ದೂರುತ್ತಲೇ ಇದ್ದರು. 2013ರ ಮಾರ್ಚ್‌ನಲ್ಲಿ ಸರ್ಕಾರಿ ಟಿವಿ ಅದನ್ನು ಎತ್ತಿಕೊಂಡ ಮೇಲೆ 3.84 ಲಕ್ಷ ಕಾರುಗಳು ರೀಕಾಲ್ ಆದವು. ಗೇರ್‌ಬಾಕ್ಸ್ ಬೇರೆ, ಪಾಠ ಒಂದೇ.

ನಮ್ಮಲ್ಲಿ ಹಳೆ ಕಾರು ಮಾರುವ ನೋಂದಾಯಿತ ಡೀಲರ್‌ನ ಮಾರ್ಜಿನ್ ಮೇಲೆ ಸರ್ಕಾರ 18% ಜಿಎಸ್‌ಟಿ ಹಾಕುತ್ತೆ. ತೆರಿಗೆ ಎತ್ತುವಷ್ಟು ಸಂಘಟಿತವಾದ ಮಾರುಕಟ್ಟೆಗೆ ಒಂದು ಪುಟದ ಸ್ಥಿತಿಪತ್ರ ಕಡ್ಡಾಯ ಮಾಡೋದು ಕಷ್ಟವೇನಲ್ಲ. ಗೇರ್‌ಬಾಕ್ಸ್‌ನ ಫಾಲ್ಟ್ ಕೋಡ್ ಏನು, ಆಯಿಲ್ ಯಾವಾಗ ಬದಲಾಯಿತು, ಅಷ್ಟು ಬರೆದು ಸಹಿ ಹಾಕಲಿ. ನಾಳೆ ಆಯೋಗದ ಮುಂದೆ ಅದೇ ಸಾಕ್ಷಿ.

ಅಲ್ಲೀವರೆಗೆ ಕೊಳ್ಳುವವರು ತಾವೇ ಕೇಳಬೇಕು. ಕಾರು ತಣ್ಣಗಿರುವಾಗ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ ಓಡಿಸಿ ನೋಡಿ. ಹೊರಗಿನ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿ. ಆಯಿಲ್ ಬಿಲ್ ಕೇಳಿದಾಗ ‘ಲೈಫ್‌ಟೈಮ್ ಸರ್’ ಅನ್ನೋ ಉತ್ತರ ಬಂದರೆ, ಆ ಖರ್ಚನ್ನು ನಿಮ್ಮ ಪಾಲಿಗೆ ಬಿಟ್ಟಿದ್ದಾರೆ ಅಂತ ತಿಳಿದು ಬೆಲೆ ಮಾತಾಡಿ.