ಹಿಡಿದು ಬಿಡುವ ಬೇಟೆ

ಬೇಸಗೆಯಲ್ಲಿ ಸರಗೂರಿನ ಕಡೆಯಿಂದ ಕಾಡಿನತ್ತ ಸಾಗಿದವರಿಗೆ ಕಬಿನಿಯ ಹಿನ್ನೀರಿನ ದಡದಲ್ಲಿ ಅಪೂರ್ವವಾದ ನೋಟವೊಂದು ಕಾದಿರುತ್ತದೆ. ನೀರಿಳಿದ ಬಯಲಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿ ನಿಂತಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿದು ಬರುತ್ತವೆ. ಅವುಗಳ ಬೆನ್ನಿಗೇ ಕ್ಯಾಮೆರಾ ಹಿಡಿದ ಮನುಷ್ಯರೂ ಬರುತ್ತಾರೆ.

ಇದೇ ಸೀಮೆಯ ಕಾಕನಕೋಟೆಯಲ್ಲಿ ಒಂದು ಕಾಲಕ್ಕೆ ಮನುಷ್ಯನು ಆನೆಯನ್ನು ಹಗ್ಗದಿಂದ ಹಿಡಿಯುತ್ತಿದ್ದನು. ತಮಟೆಯ ಸದ್ದಿಗೂ ಬೆಂಕಿಗೂ ಬೆದರಿದ ಹಿಂಡು ಹೊಳೆ ದಾಟಿ ಖೆಡ್ಡಾದ ಆವರಣವನ್ನು ಹೊಕ್ಕಿತೆಂದರೆ ಮತ್ತೆ ಕಾಡಿಗೆ ಮರಳುವ ಮಾತಿರಲಿಲ್ಲ. ಅಲ್ಲಿ ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ನೆಲವೇ ನೀರಿನಲ್ಲಿ ಮುಳುಗಿತು.

ಹಿಡಿಯುವ ಆಸೆ ಮಾತ್ರ ಮುಳುಗಲಿಲ್ಲ. ಅದು ಅದಾಗಲೇ ಬೇರೊಂದು ಸಾಧನವನ್ನು ಕಂಡುಕೊಂಡಿತ್ತು. ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ಹಾದಿಯಲ್ಲಿ ತಂತಿ ಕಟ್ಟಿ, ಅದು ತಗುಲಿದೊಡನೆ ಚಿತ್ರ ಮೂಡುವಂತೆ ಮಾಡಿ, 1927ರಲ್ಲಿ ತಮ್ಮ ಪುಸ್ತಕವನ್ನು ಹೊರತಂದರು. ಕರ್ನಾಟಕದಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಯಾಗಿದ್ದವರಾದರೂ ಕಾಡಿನ ಬಿಸಿಲುನೆರಳನ್ನು ಕಪ್ಪುಬಿಳುಪಿನ ಚಿತ್ರಗಳಲ್ಲಿ ಸೆರೆಹಿಡಿಯುವ ಹವ್ಯಾಸವನ್ನು ಬಿಡಲಿಲ್ಲ.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರಿಗಂತೂ ಅದು ಬಾಳಿನುದ್ದಕ್ಕೂ ಹತ್ತಿದ ಹುಚ್ಚು. ಓ. ಸಿ. ಎಡ್ವರ್ಡ್ಸ್ ಅವರಿಂದ ವಿದ್ಯೆ ಕಲಿತು, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಫೆಲೋ ಎನಿಸಿ, ತಾವು ಕಲಿತುದನ್ನು ಕಿರಿಯರಿಗೆ ಕೈತುಂಬ ಹಂಚಿದರು.

ಆ ಕಾಲದ ಹಕ್ಕಿಚಿತ್ರವೆಂದರೆ ತಪಸ್ಸೇ ಸರಿ. ಬಟ್ಟೆಯ ಮರೆಯೊಂದನ್ನು ದೂರದಲ್ಲಿ ನಿಲ್ಲಿಸಿ, ಹಕ್ಕಿ ಬೆದರದಂತೆ ದಿನದಿನವೂ ಕೊಂಚಕೊಂಚ ಹತ್ತಿರ ತರಬೇಕು. ಬಳಿಕ ಇಬ್ಬರು ಮರೆಯೊಳಗೆ ಹೋಗುವರು, ಒಬ್ಬನು ಮಾತ್ರ ಹೊರಬರುವನು. ಹಕ್ಕಿಗೆ ಲೆಕ್ಕ ಬಾರದು. ಬಂದವರು ಹೋದರೆಂದು ನಂಬಿ ಗೂಡಿಗೆ ಮರಳುವುದು. ಒಳಗುಳಿದವನು ಸೆಕೆಯಲ್ಲಿ ಉಸಿರು ಬಿಗಿಹಿಡಿದು ಕಾಯುವನು. ದೊಡ್ಡ ಫಿಲ್ಮಿನ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು! ಗುಂಡಿಯೊತ್ತುವ ಮೊದಲು ಹತ್ತು ಬಾರಿ ಯೋಚಿಸಬೇಕಾಗುತ್ತಿತ್ತು.

ಆದರೆ ಪ್ರೇಮವೂ ಒಮ್ಮೊಮ್ಮೆ ಹಿಂಸೆಯಾಗಬಲ್ಲುದು. ಗೂಡಿನ ಬಳಿ ಜನ ಸುಳಿದರೆ ತಾಯಿಹಕ್ಕಿ ಮೊಟ್ಟೆಮರಿಗಳನ್ನು ತೊರೆದುಹೋಗುವುದುಂಟು. ಅಡ್ಡವಾದ ಕೊಂಬೆಯನ್ನು ಸರಿಸಿದರೆ ಮರಿ ಬಿಸಿಲಿಗೂ ಹದ್ದಿನ ಕಣ್ಣಿಗೂ ಬೀಳುವುದುಂಟು. ಆದುದರಿಂದಲೇ, ಹಿಂದೆ ಹೊಗಳಿಕೆ ಪಡೆಯುತ್ತಿದ್ದ ಗೂಡಿನ ಚಿತ್ರಗಳನ್ನು ಇಂದು ಅನೇಕ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ಕಲೆಯೊಂದು ತನ್ನ ಆಸೆಗೆ ತಾನೇ ಕಡಿವಾಣ ಹಾಕಿಕೊಂಡುದು ಸಣ್ಣ ಮಾತಲ್ಲ.

ಈಗ ಹನ್ನೆರಡರ ಮಿತಿ ಹೋಯಿತು. ಒಂದು ಬೆಳಗಿನಲ್ಲಿ ಸಾವಿರ ಚಿತ್ರ ತೆಗೆಯಬಹುದು. ಹುಲಿಯೊಂದು ಕಾಣಿಸಿಕೊಂಡರೆ ಜೀಪುಗಳು ಸಾಲುಗಟ್ಟುತ್ತವೆ. ಪ್ರಾಣಿಯ ದಾರಿಯನ್ನು ಅಡ್ಡಗಟ್ಟಿ ಪಡೆದ ಚಿತ್ರಕ್ಕೂ ಖೆಡ್ಡಾಕ್ಕೂ ಏನು ಅಂತರ? ಖೆಡ್ಡಾದವನಿಗೆ ಆನೆ ಬೇಕಾಗಿದ್ದಿತು. ಛಾಯಾಗ್ರಾಹಕನಿಗೆ ಬೇಕಾದುದು ಅದರ ನೆರಳು ಮಾತ್ರ. ನೆರಳನ್ನು ಕೊಟ್ಟ ಆನೆ, ತನ್ನನ್ನು ಯಾರೋ ಕಂಡರೆಂಬುದನ್ನೂ ಅರಿಯದೆ ಹುಲ್ಲು ಮೇಯುತ್ತ ಕಾಡಿಗೆ ಮರಳಿದರೆ, ಅದೇ ನಿಜವಾದ ಗೆಲವು.

ಮಕ್ಕಳಿಗೆ ಕ್ಯಾಮೆರಾ ಕೊಡಿಸುವ ತಂದೆತಾಯಿಗಳು ಅದರೊಡನೆ ಸುಮ್ಮನೆ ಕುಳಿತು ಕಾಯುವುದನ್ನೂ ಕಲಿಸಿಕೊಡಲಿ. ಅದಕ್ಕೆ ಹಣ ಬೇಕಿಲ್ಲ. ಮನೆಯ ಹಿತ್ತಿಲಿನ ಒಂದು ಗುಬ್ಬಚ್ಚಿಯೇ ಸಾಕು.