ರೋಮಿಗೆ ಹೋಗೂದಂದ್ರ ಬರೇ ಚಟ್ನಿಪುಡಿ ಕಟ್ಟೂದಲ್ಲ

ಹೋದ ವಾರ ನಮ್ಮ ಸಣ್ಣ ನಾದಿನಿ ಫೋನ್ ಮಾಡಿದ್ಲು. ಅಕ್ಟೋಬರದಾಗ ಅವರ ಮನಿಯವರೆಲ್ಲಾ ರೋಮಿಗೆ ಹೊಂಟಾರ, ಎಂಟು ದಿವಸ. "ವೈನಿ, ನೀವು ಹೋಗಿ ಬಂದೀರಿ, ಅವಲಕ್ಕಿ ಚೂಡಾ ಎಷ್ಟು ದಿವಸ ತಡೀತದ? ಖಡಕ್ ರೊಟ್ಟಿ ಮುರೀಲಾರದಂಗ ಹೆಂಗ ಕಟ್ಟಬೇಕು? ಗುರೆಳ್ಳ ಚಟ್ನಿ ಒಯ್ಯಲೋ, ಶೇಂಗಾ ಚಟ್ನಿ ಒಯ್ಯಲೋ?" ಅಂತ ಅರ್ಧಾ ತಾಸು ಕೇಳಿದ್ಲು. ನಾನೂ ಹೇಳಿದೆ. ಕಡೀಕ ನಾ ಒಂದು ಕೇಳಿದೆ. "ಉಳಕೊಳ್ಳೂ ಹೋಟೆಲ್ ಊರಿನ ಯಾವ ಭಾಗದಾಗ ಅದ?"

"ಅದೆಲ್ಲಾ ಇವರಿಗೆ ಗೊತ್ತು."

"ನಿನ್ನ ಪಾಸ್‌ಪೋರ್ಟ್?"

"ಅದೂ ಇವರ ಕಡೇನ ಅದ."

ಫೋನ್ ಇಟ್ಟ ಮ್ಯಾಲೆ ನನಗ ಸಿಟ್ಟು ಬಂತು. ಆಕಿ ಮ್ಯಾಲೆ ಅಲ್ಲ, ಎರಡು ವರ್ಷದ ಹಿಂದ ನಾ ಹೆಂಗ ಹೋಗಿದ್ದೆ ಅನ್ನೂದು ನೆನಪಾಗಿ ನನ್ನ ಮ್ಯಾಲೇನ. ನಮ್ಮ ಕಡೆ ಪರದೇಶಕ್ಕ ಹೋಗೂ ತಯಾರಿ ಎರಡು ಪಾಲು ಆಗತದ. ವೀಸಾ, ಟಿಕೆಟ್, ಹೋಟೆಲ್, ರೊಕ್ಕ, ಎಲ್ಲೆ ಇಳೀಬೇಕು ಎಲ್ಲೆ ಹತ್ತಬೇಕು ಅನ್ನೂದು ಗಂಡಸರ ಪಾಲು. ಹುರಿಯೂದು, ಕುಟ್ಟೂದು, ಕರಿಯೂದು, ಕಟ್ಟೂದು ನಮ್ಮ ಪಾಲು. ಹದಿನೈದು ದಿವಸ ಗ್ಯಾಸಿನ ಮುಂದ ನಿಂತು ಬೆವತು, "ನಂದೆಲ್ಲಾ ತಯಾರಿ ಆತು" ಅಂತ ವಿಮಾನ ಹತ್ತತೇವಿ. ಇದಕ್ಕ ತಯಾರಿ ಅನ್ನಂಗಿಲ್ಲ. ಇದು ಅಡಗಿಮನಿನ್ನ ಸಮುದ್ರ ದಾಟಿಸೂ ಕೆಲಸ ಅಷ್ಟ.

ನಂದೇನಾತು ಹೇಳತೇನಿ ಕೇಳ್ರಿ. ನಾವು ನಾಲ್ಕು ಮಂದಿ ಹೋಗಿದ್ವಿ. ನಾನು, ನಮ್ಮ ಮನಿಯವರು, ಭಾವ, ನೆಗೆಣ್ಣಿ. ಮೂರನೇ ದಿವಸ ಬೆಳಿಗ್ಗೆ ಹತ್ತೂವರಿಗೆ ವ್ಯಾಟಿಕನ್ ಮ್ಯೂಸಿಯಮ್ಮಿನ ಟಿಕೆಟ್ ಇತ್ತು. ಟರ್ಮಿನಿ ಅಂತ ದೊಡ್ಡ ಸ್ಟೇಷನ್ ಅದ, ಅಲ್ಲೆ ಮೆಟ್ರೋ ಹತ್ತಬೇಕು. ಗದ್ದಲ ಅಂದ್ರ ಗದ್ದಲ. "ನೀವು ಮೊದಲ ಹತ್ರಿ" ಅಂದ್ರು. ನಾವಿಬ್ಬರೂ ಹತ್ತಿದ್ವಿ, ಬಾಗಲಾ ಮುಚ್ಚಿತು. ಕಾಜಿನ ಆ ಕಡೆ ಅವರಿಬ್ಬರೂ ಕೈ ಮಾಡಿ ಏನೋ ಹೇಳಲಿಕ್ಕೆ ಹತ್ತಿದ್ರು, ಗಾಡಿ ಹೊಂಟೇಬಿಡ್ತು.

ನಾನು ಬಿ.ಎಸ್ಸಿ. ಪಾಸಾದಾಕಿ. ನಮ್ಮ ನೆಗೆಣ್ಣಿ ಎಂ.ಎ., ಇಪ್ಪತ್ತೆರಡು ವರ್ಷ ಹೈಸ್ಕೂಲಿನ್ಯಾಗ ಭೂಗೋಳ ಕಲಿಸಿದಾಕಿ. ನಮ್ಮಿಬ್ಬರಿಗೂ ಯಾವ ಸ್ಟೇಷನ್ನಿಗೆ ಇಳೀಬೇಕು ಅನ್ನೂದು ಗೊತ್ತಿರಲಿಲ್ಲ. ಹೋಟೆಲಿನ ಹೆಸರು ಗೊತ್ತಿರಲಿಲ್ಲ. ಪಾಸ್‌ಪೋರ್ಟ್ ಇವರ ಸೊಂಟದ ಚೀಲದಾಗ. ಕಾರ್ಡು ಇವರ ಕಡೆ. ಫೋನ್ ನಮ್ಮ ಕೈಯಾಗ ಇತ್ತು ಖರೇ, ಆದ್ರ "ಎಲ್ಲಾರೂ ಕೂಡೇ ಇರತೇವಿ, ನಾಲ್ಕಕ್ಕೂ ರೋಮಿಂಗ್ ಯಾಕ ದಂಡ" ಅಂತ ನಮ್ಮೆರಡಕ್ಕೂ ಹಾಕಿಸಿರಲಿಲ್ಲ. ಬರೇ ಫೋಟೋ ತಗಿಯೂ ಡಬ್ಬಿ ಅದು. ನಮ್ಮ ಕಡೆ ಏನಿತ್ತಪಾ ಅಂದ್ರ ಒಂದು ಬಟ್ಟಿ ಚೀಲ. ಅದರಾಗ ಎಷ್ಟು ಮೆಂತೆ ಚಪಾತಿ ಅವ ಅಂತ ಯಾರರ ಕೇಳಿದ್ರ ಥಟ್ಟನ ಹೇಳತಿದ್ದೆ. ಹನ್ನೆರಡು.

ಅಂಜಿ ಮುಂದಿನ ಸ್ಟೇಷನ್ನಿಗೇ ಇಳದ್ವಿ. ಅದು ರಿಪಬ್ಲಿಕಾ ಅಂತ ಆಮ್ಯಾಲೆ ತಿಳೀತು. ಹಿಂದಿನ ಗಾಡಿಗೆ ಬರತಾರ ಅಂತ ನಾಲ್ಕು ಗಾಡಿ ಕಾದ್ವಿ. ಅವರು ಬಂದಿದ್ರು, ಆದ್ರ ಇಳೀಲಾರದ ಸೀದಾ ಒಟ್ಟಾವಿಯಾನೋ ತನಕಾ ಹೋಗಿದ್ರು, ಟರ್ಮಿನಿಯಿಂದ ಆರನೇ ಸ್ಟೇಷನ್, ವ್ಯಾಟಿಕನ್ನಿಗೆ ಇಳಿಯೂದು ಅಲ್ಲೆ. ನಾವು ಮ್ಯಾಲೆ ಬಂದ್ರ ಗುಂಡಗಿಂದು ದೊಡ್ಡ ಚೌಕ, ನಡುವ ಕಾರಂಜಿ, ಗುರುತಿಲ್ಲದ ಊರು. ನೆಗೆಣ್ಣಿ ಅಳಲಿಕ್ಕೆ ಸುರು ಮಾಡಿದ್ಲು. ಅಲ್ಲೆ ಓಢಣಿ, ಛತ್ರಿ ಮಾರೂ ಬಾಂಗ್ಲಾದೇಶದ ಹುಡುಗ ಒಬ್ಬಾಂವ ಇದ್ದ, ನಮ್ಮ ಸೀರಿ ನೋಡಿ ಹಿಂದಿಯೊಳಗ ಮಾತಾಡಿಸಿದ. ತನ್ನ ಫೋನಿಂದ ಇವರಿಗೆ ಹಚ್ಚಿ ಕೊಟ್ಟ. ನೆಲದ ಕೆಳಗಿದ್ರೋ ಏನೋ, ಹತ್ತಲೇ ಇಲ್ಲ. ನಲವತ್ತು ನಿಮಿಷ ಆದ ಮ್ಯಾಲೆ ಹತ್ತಿತು. ಆ ಹುಡುಗ ರೊಕ್ಕ ತಗೊಳ್ಳಲಿಲ್ಲ. ಎರಡು ಚಪಾತಿ ತಗೊಂಡ. ಚಪಾತಿ ಉಪಯೋಗಕ್ಕ ಬಂದದ್ದು ಅಷ್ಟ ನೋಡ್ರಿ.

ಇವರು ಬಂದ ಕೂಡಲೇ ಆಡಿದ ಮೊದಲನೇ ಮಾತು ಏನು ಗೊತ್ತದ? "ಇಳಿಯೂ ಸ್ಟೇಷನ್ನಿನ ಹೆಸರರ ಗೊತ್ತಿರಬಾರದೇನು!" ಮೂರು ತಿಂಗಳು ಮನ್ಯಾಗ ಲ್ಯಾಪ್‌ಟಾಪ್ ಮುಂದ ಕೂತಾಗ ಒಂದು ದಿವಸರ "ಬಾ, ನೋಡು" ಅಂತ ಕರದಿದ್ರೇನು? ಹಂಗಂತ ನಾನೂ ಎದ್ದು ಹೋಗಿ ನೋಡಲಿಲ್ಲ. ಅದನ್ನ ಮುಚ್ಚಿಡಂಗಿಲ್ಲ. "ನನಗದೆಲ್ಲಾ ತಿಳಿಯಂಗಿಲ್ಲ" ಅನ್ನೂದು ನಮಗೂ ಭಾಳ ಆರಾಮ. ವೀಸಾಕ್ಕ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆ, ಅರ್ಜಿ ಓದಲಿಲ್ಲ, ತೋರಿಸಿದಲ್ಲೆ ಸಹಿ ಮಾಡಿದೆ. ಅದರಾಗ ನಿಮ್ಮ ಉದ್ಯೋಗ ಏನು, ಪ್ರವಾಸದ ಖರ್ಚು ಯಾರದು, ಎಲ್ಲೆ ಉಳೀತೀರಿ ಅಂತ ಎಲ್ಲಾ ಕೇಳಿರತಾರ. ಹೋಟೆಲಿನ ವಿಳಾಸದ ಕೆಳಗ ನನ್ನ ಸಹಿನ ಇತ್ತು! ನಾ ಓದಿರಲಿಲ್ಲ ಅಷ್ಟ.

ಆದ್ದರಿಂದ ನನ್ನ ಮಾತು ಇಷ್ಟ. ಹೋಗೂ ಹೆಣ್ಣಮಗಳು ತನ್ನ ಪಾಸ್‌ಪೋರ್ಟ್ ತನ್ನ ಕಡೇನ ಇಟ್ಕೋಬೇಕು. ಒಳಚೀಲದಾಗ, ಕುಪ್ಪಸದಾಗ, ಎಲ್ಲೆರ ಇಡ್ರಿ, ಅದು ನಿಮ್ಮದು. ಅದರ ಝೆರಾಕ್ಸ್ ಬ್ಯಾರೆ ಚೀಲದಾಗ ಇರಲಿ. ಕೊಲೋಸಿಯಮ್ಮಿಗೆ ಟಿಕೆಟಿನ ಮ್ಯಾಲೆ ಹೆಸರು ಇರತದ, ಬಾಗಲದಾಗ ಗುರುತು ಕೇಳತಾರ. ನಿಮ್ಮ ಹೆಸರಿಗೆ ಒಂದು ಫೋರೆಕ್ಸ್ ಕಾರ್ಡ್, ಕೈಯಾಗ ಐವತ್ತು ಯೂರೋ ಚಿಲ್ಲರೆ, ನಿಮ್ಮ ಫೋನಿಗೆ ರೋಮಿಂಗ್, ಹೋಟೆಲಿನ ವಿಳಾಸ ಒಂದು ಚೀಟಿಯೊಳಗ. ಫೋನ್ ಬ್ಯಾಟರಿ ಸಾಯತದ, ಚೀಟಿ ಸಾಯಂಗಿಲ್ಲ. ತ್ರಾಸಾದ್ರ 112 ಹಚ್ಚಬೇಕು, ಪೊಲೀಸು ದವಾಖಾನಿ ಎಲ್ಲಾಕ್ಕೂ ಅದೇ ನಂಬರು. ಮನಿ ಬಿಡೂ ಮೊದಲನ "ಬಿಟ್ಟು ಹೋದವರು ಮುಂದಿನ ಸ್ಟೇಷನ್ನಿಗೆ ಇಳದು ಅಲ್ಲೇ ನಿಲ್ಲಬೇಕು, ಹಿಂದಿನವರು ಬಂದು ಅಲ್ಲೇ ಇಳೀಬೇಕು" ಅಂತ ಮಾತು ಮಾಡ್ಕೋರಿ. ಇದಕ್ಕ ರೊಕ್ಕ ಬೀಳಂಗಿಲ್ಲ.

ವೀಸಾದ್ದು ಲಗೂನ ಹೇಳಿಬಿಡತೇನಿ. ಹೊಂಡೂ ದಿವಸಕ್ಕ 6 ತಿಂಗಳ ಮೊದಲಿಂದ ಅರ್ಜಿ ಹಾಕಬಹುದು, ಕಡೀಕಂದ್ರ 15 ದಿವಸ ಇರಬೇಕು, ಆದ್ರ ಅಷ್ಟು ತಡಾ ಮಾಡಬ್ಯಾಡ್ರಿ. 30,000 ಯೂರೋದ ಆರೋಗ್ಯ ವಿಮಾ ಕಡ್ಡಾಯ. ಆ ವಿಮಾ ಕಾಗದ ಅರ್ಜಿಗೆ ಹಚ್ಚಿ ಮರ್ತುಬಿಡತಾರ, ಹಂಗ ಮಾಡಬ್ಯಾಡ್ರಿ. ಬಿ.ಪಿ., ಶುಗರ್ ಇದ್ದವರು ಡಾಕ್ಟರ್ ಚೀಟಿ ಸಮೇತ ಗುಳಿಗಿ ಕೈಚೀಲದಾಗ ಇಟ್ಕೋರಿ.

ಈಗ ನೀವು ಕೇಳತೀರಿ, "ಎಲ್ಲಾ ಖರೇ, ಆದ್ರ ಅಲ್ಲೆ ತಿನ್ನೂದೇನು?" ಅಂತ. ನಮ್ಮ ಎದುರಮನಿ ಮಾಮಿ ಅಂತೂ "ಉಪವಾಸ ಸಾಯೂದ್ಯಾಕ, ನಾಲ್ಕು ಕಿಲೋ ಹೆಚ್ಚಿಗೆ ಒಯ್ಯಿ" ಅಂದಿದ್ರು. ಉಪವಾಸ ಯಾರೂ ಸಾಯಂಗಿಲ್ಲ. ಮಾರಿನಾರಾ ಅಂತ ಒಂದು ಪಿಜ್ಜಾ ಇರತದ, ಟೊಮೆಟೊ, ಬಳ್ಳೊಳ್ಳಿ, ಎಣ್ಣಿ ಅಷ್ಟ, ಚೀಸ್ ಇರಂಗಿಲ್ಲ. ಚೀಸಿಂದು ತಿಳಕೊಳ್ಳೂ ವಿಷಯ. ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟಿಯೊಳಗಿನ ಹೆಪ್ಪು ಹಾಕತಾರ, ಪೆಕೊರಿನೊ ರೊಮಾನೊಕ್ಕ ಕುರಿಮರಿದು. ನಡಿಯೂದೋ ಬಿಡೂದೋ ನಿಮಗ ಬಿಟ್ಟದ್ದು, ಆದ್ರ ಗೊತ್ತಿರಬೇಕು. ಅಮಾತ್ರಿಚಾನಾ ಅಂತ ಕೆಂಪನ ಪಾಸ್ತಾ ಬರತದ, ನೋಡಿದ್ರ ಬರೇ ಟೊಮೆಟೊ ಗೊಜ್ಜು ಅನಸತದ, ಒಳಗ ಹಂದಿ ಗಲ್ಲದ ಮಾಂಸ ಇರತದ. ನಮ್ಮ ಮನಿಯವರು ಅದನ್ನ ಆರ್ಡರ್ ಮಾಡೂ ಹಂತಕ್ಕ ಬಂದಿದ್ರು, ಪಕ್ಕದ ಟೇಬಲ್ಲಿನವರು ಹೇಳಿ ಉಳಿಸಿದ್ರು. ಇಷ್ಟು ತಿಳಕೊಳ್ಳಲಿಕ್ಕೆ ಒಂದು ಮಧ್ಯಾಹ್ನ ಸಾಕು. ನಾನು ಚಕ್ಕಲಿ ಸುತ್ತಿದ್ದೇ ಎರಡು ಮಧ್ಯಾಹ್ನ.

ಮತ್ತ ನಾವು ಪ್ರೀತೀಲೆ ಒಯ್ಯೂ ಸಾಮಾನಿನ್ಯಾಗ ಅರ್ಧಾ ಅಲ್ಲೆ ಒಯ್ಯೂ ಹಂಗಿಲ್ಲ. ಯೂರೋಪಿಗೆ ಹೊರಗಿಂದ ಹಾಲಿನ ಪದಾರ್ಥ ತರಬಾರದು ಅಂತ ಕಾನೂನು ಅದ. ತುಪ್ಪ, ಖೋವಾ ಒಯ್ದ್ರ ಕಸಿದುಕೋತಾರ, ಫೇಡೆ ಡಬ್ಬಿ ಹಿಡಕೊಂಡು ಅಲ್ಲೆ ವಾದಾ ಹಾಕಬ್ಯಾಡ್ರಿ. ಕರಿಬೇವು, ಹಣ್ಣುಹಂಪಲಿಗೂ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ತೆಂಗಿನಕಾಯಿಗೆ ಮಾತ್ರ ಬ್ಯಾಡ ಅಂತಾರ, ಯಾಕೋ ನಮ್ಮ ಮ್ಯಾಲೆ ಅಷ್ಟರ ಕರುಣಾ ಅದ. ಒಣಾ ಚಟ್ನಿಪುಡಿ ಎರಡು ಪಾಕೀಟು, ಒಂದು ಡಬ್ಬಿ ಚೂಡಾ ಒಯ್ಯಿರಿ. ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ. ನೀರಿಂದಂತೂ ಚಿಂತೀನ ಬ್ಯಾಡ. ರೋಮಿನ ಓಣಿ ಓಣಿಯೊಳಗ ಕಬ್ಬಿಣದ ಸಣ್ಣ ನಳ ಅವ, ನಾಸೋನಿ ಅಂತಾರ, 1874ರಿಂದ ಹಾಕಿದ್ದು, ಸುಮಾರು 2,500 ಅವ. ತಣ್ಣಗಿನ ಕುಡಿಯೂ ನೀರು, ಪುಕಟ. ತುದಿಗೆ ಬೆರಳು ಒತ್ತಿ ಹಿಡದ್ರ ಮ್ಯಾಲಿನ ತೂತಿನಿಂದ ಚಿಮ್ಮತದ, ಬಾಯಿ ಹಚ್ಚಿ ಕುಡೀಬಹುದು.

ಯಾರೂ ಮಾತಾಡಲಾರದ್ದು ಇನ್ನೊಂದು, ಶೌಚಾಲಯದ್ದು. ಗಂಡಸರ ಯಾದಿಯೊಳಗ ಇದು ಇರಂಗೇ ಇಲ್ಲ. ಅಲ್ಲೆ ಸಾರ್ವಜನಿಕ ಶೌಚಾಲಯ ಕಡಿಮಿ. ನಾವು ನೀರು ಕುಡಿಯೂದನ್ನ ಬಿಟ್ಟು ತಲಿನೋವು ತಂದ್ಕೊಂಡ್ವಿ. ದಾರಿ ಸರಳ ಅದ. ಯಾವುದರ ಕಾಫಿ ಅಂಗಡಿಯೊಳಗ, ಅಲ್ಲೆ ಅದಕ್ಕ ಬಾರ್ ಅಂತಾರ, ಅಂಜಬ್ಯಾಡ್ರಿ, ನಿಂತು ಒಂದು ಕಾಫಿ ಕುಡದ್ರ ಸುಮಾರು ಒಂದೂವರಿ ಯೂರೋ, ಆಮ್ಯಾಲೆ ಅವರದ್ದು ಉಪಯೋಗಿಸಬಹುದು. ಕೂತು ಕುಡದ್ರ ರೇಟು ಹೆಚ್ಚಿಗೆ.

ಇನ್ನ ಕಾಲಿಂದು. ಹಳೇ ರೋಮಿನ ರಸ್ತೆಕ್ಕೆಲ್ಲಾ ಕರೀ ಕಲ್ಲು ಜೋಡಿಸ್ಯಾರ, ಸಣ್ಣ ಸಣ್ಣು, ಒಂದು ಮ್ಯಾಲೆ ಒಂದು ಕೆಳಗ. ನಾನು ರೇಷ್ಮಿ ಸೀರಿಗೆ ಒಪ್ಪೂ ಹಂತಾ ಚಪ್ಪಲಿ ಒಯ್ದಿದ್ದೆ. ಎರಡನೇ ದಿವಸ ಹಿಮ್ಮಡಿ ಬಾತು ಭಕ್ಕರಿ ಆತು. ಸೀರಿ ಉಡ್ರಿ, ಸೇಂಟ್ ಪೀಟರ್ಸ್ ಚರ್ಚಿನ್ಯಾಗ ಭುಜ, ಮೊಣಕಾಲು ಮುಚ್ಚಿರಲೇಬೇಕು, ಸೀರಿ ಛೊಲೋನ. ಆದ್ರ ಕಾಲಾಗ ಬೂಟು ಇರಲಿ, ಅದೂ ಒಂದು ತಿಂಗಳು ಇಲ್ಲೇ ಉಣಕಲ್ ಕೆರಿ ಸುತ್ತಿ ಪಳಗಿಸಿದ ಬೂಟು. ಕರಿಯೂ ಹೊತ್ತಿನ್ಯಾಗ ಒಂದು ತಾಸು ಕಡಿಮಿ ಮಾಡಿದ್ರ ಆ ನಡಿಗಿಗೆ ವ್ಯಾಳ್ಯಾ ಸಿಗತದ.

ನನಗ ಎಲ್ಲಾದಕ್ಕಿಂತ ಹೊಟ್ಟಿ ಉರಿಯೂದು ಪ್ಯಾಂಥಿಯಾನಿಂದು. ಅದು ಹತ್ತೊಂಬತ್ತು ಶತಮಾನದ ಹಳೇ ಗುಡಿ, ಹೇಡ್ರಿಯನ್ ಅನ್ನೂ ಚಕ್ರವರ್ತಿ ಕಾಲದ್ದು. ನಮ್ಮ ಹಳ್ಳಿ ಮಾಳಿಗಿ ಮನ್ಯಾಗ ಬೆಳಕಿಂಡಿ ಇರತದಲ್ಲಾ, ಹಂತಾದ್ದೇ, ಆದ್ರ ಗುಮ್ಮಟದ ನೆತ್ತಿಮ್ಯಾಲೆ, ಸುಮಾರು 9 ಮೀಟರ್ ಅಗಲ, ಮುಚ್ಚಳಿಲ್ಲದ್ದು. ಮಳಿ ಒಳಗ ಬೀಳತದ, ನೆಲದಾಗ ನೀರು ಹೋಗಲಿಕ್ಕೆ ಸಣ್ಣ ತೂತು ಮಾಡಿ ಇಟ್ಟಾರ. ಇದನ್ನೆಲ್ಲಾ ನಾ ಓದಿದ್ದು ಮನಿಗೆ ಬಂದ ಮ್ಯಾಲೆ. ಅದರ ನಡುವ ನಿಂತಾಗ ನಾ ಮ್ಯಾಲೆ ನೋಡಲಿಲ್ಲ. ಚೀಲದಾಗ ಉಪ್ಪಿನಕಾಯಿ ಎಣ್ಣಿ ಸೋರಲಿಕ್ಕೆ ಹತ್ತಿತ್ತು, ಅದನ್ನ ಒರಸಲಿಕ್ಕೆ ಹತ್ತಿದ್ದೆ. ನೆಲದ ತೂತರ ಕಾಣಬೇಕಿತ್ತಲ್ಲ, ಬಗ್ಗೇ ಇದ್ದೆ. ಅದೂ ಕಾಣಲಿಲ್ಲ.

"ಹೋದಲ್ಲೆ ಗಂಡಸರು ಎಲ್ಲಾ ನೋಡ್ಕೋತಾರ, ಅದು ಸುಖ ಅಲ್ಲೇನು" ಅಂತ ನೆಗೆಣ್ಣಿ ಇವತ್ತಿಗೂ ಅಂತಾಳ. ರಿಪಬ್ಲಿಕಾದ ಆ ನಲವತ್ತು ನಿಮಿಷ ಆಕಿ ಮರತಾಳ ಅಂತ ಕಾಣಸತದ. ನಾ ಮರತಿಲ್ಲ.

ನಾದಿನಿಗೆ ನಿನ್ನೆ ಮತ್ತ ಫೋನ್ ಮಾಡಿದೆ. ಕೇಳಿದ್ದಕ್ಕ ಉತ್ತರ ಕೊಡಬೇಕಲ್ಲ. ಅವಲಕ್ಕಿ ಗರಿಗರಿ ಆಗೂ ತನಕಾ ಸಣ್ಣ ಉರಿ ಮ್ಯಾಲೆ ಹುರದು, ಒಗ್ಗರಣಿಯೊಳಗ ಕೊಬ್ಬರಿ ಹಾಕಲಾರದ ಮಾಡಿದ್ರ ಚೂಡಾ ಹದಿನೈದು ದಿವಸ ತಡೀತದ. ಮಾಡ್ಕೋ, ಆದ್ರ ರವಿವಾರ ಮಾಡಬ್ಯಾಡ. ರವಿವಾರ ನಿಮ್ಮ ಮನಿಯವರ ಲ್ಯಾಪ್‌ಟಾಪ್ ತಗೊಂಡು ನಮ್ಮ ಮನಿಗೆ ಬಾ. ಅಡಗಿ ಹೊರಗಿಂದ ತರಸತೇನಿ ಅಂತ ಹೇಳೇನಿ.