ಒಂದು ಬೇರಿನ ಎರಡು ಪಾಠ



ಗಡಿಯಾಚೆ ಗೋವೆಯ ಪೆರ್ನೇಮ್ ತಾಲೂಕಿನ ಧಾರ್ಗಳದಲ್ಲಿ ಅಖಿಲ ಭಾರತ ಆಯುರ್ವೇದ ಸಂಸ್ಥೆಯು 2022ರ ಡಿಸೆಂಬರ್ 11ರಂದು ಉದ್ಘಾಟನೆಗೊಂಡಿತು. ಕಾಲೇಜೂ ಆಸ್ಪತ್ರೆಯೂ ಕೂಡಿದ ಈ ಸಂಸ್ಥೆ ಬಂದದ್ದು ಸಂತೋಷವೇ. ಆದರೆ ನಾಡಿನ ಆರೋಗ್ಯದಲ್ಲಿ ನಾಟಿ ಮದ್ದಿನ ಸ್ಥಾನವೇನೆಂಬ ಪ್ರಶ್ನೆಗೆ ಕಟ್ಟಡವೊಂದೇ ಉತ್ತರವಾಗದು. ಸರ್ಪಗಂಧದ ಬೇರನ್ನೇ ನೋಡೋಣ.

ಗೋವೆಯಲ್ಲಿದ್ದ ಪೋರ್ತುಗೀಜ ವೈದ್ಯ ಗಾರ್ಸಿಯಾ ದ ಓರ್ತಾ ಈ ದೇಶದ ಮದ್ದುಗಳನ್ನು ಕುರಿತು ಬರೆದ ಗ್ರಂಥವು 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಹಾವಿನ ವಿಷಕ್ಕೆ ಕೊಡುತ್ತಿದ್ದ ಬೇರುಗಳ ವಿಚಾರವೂ ಅದರಲ್ಲಿದೆ. ನಮ್ಮ ಹಿರಿಯರೂ ಸರ್ಪಗಂಧವನ್ನು ಅದಕ್ಕೆಂದು ಅರೆಯುತ್ತಿದ್ದರು. ಕೆಲವು ವರುಷಗಳ ಹಿಂದೆ ನಮ್ಮ ಗದ್ದೆಯ ಆಳಿಗೆ ಹಾವು ಕಚ್ಚಿದಾಗ ನಾವೂ ಹಾಗೆಯೇ ಅರೆದು ಕುಡಿಸಿ ಎರಡು ತಾಸು ಕಳೆದೆವು. ಆಮೇಲೆ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು; ಕಾಲಿನ ಎರಡು ಬೆರಳು ಹೋದವು. ಮಕ್ಕಳಿಗೆ ಪಾಠ ಹೇಳುವ ನಾವೇ ಹೀಗೆ ಮಾಡಿದೆವಲ್ಲ ಎಂಬ ವ್ಯಥೆ ಇಂದಿಗೂ ಹೋಗಿಲ್ಲ. ಹಾವು ಕಚ್ಚಿದರೆ ದವಾಖಾನೆಯ ಪ್ರತಿವಿಷದ ಸೂಜಿಯೇ ಮದ್ದು. ಇದು ಮೊದಲನೆಯ ಪಾಠ.

ಹಾಗೆಂದು ಬೇರನ್ನು ಎಸೆಯಬೇಕೆ? ಕೂಡದು. ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ಇದೇ ಬೇರನ್ನು ರಕ್ತದ ಒತ್ತಡದ ರೋಗಿಗಳಿಗೆ ಕೊಟ್ಟು ನೋಡಿ, 1949ರಲ್ಲಿ ಅದರ ಗುಣವನ್ನು ಜಗತ್ತಿನ ವೈದ್ಯರಿಗೆ ತಿಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಅದರೊಳಗಿನ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಹಿರಿಯರ ಮಾತೆಲ್ಲ ಸುಳ್ಳಲ್ಲ, ಎಲ್ಲವೂ ನಿಜವಲ್ಲ; ಪರೀಕ್ಷೆಯೇ ಒರೆಗಲ್ಲು. ಈ ಬೇರನ್ನು ವೈದ್ಯರನ್ನು ಕೇಳದೆ ಮನೆಯಲ್ಲಿ ಸೇವಿಸುವುದು ಅಪಾಯ.

ಎರಡನೆಯ ಪಾಠ ಒಕ್ಕಲುತನದ್ದು. ಬೇರು ಕಿತ್ತರೆ ಗಿಡವೇ ಹೋಯಿತು. ಕಾಡಿನಿಂದ ಹೀಗೆ ಕಿತ್ತು ಕಿತ್ತು ಸರ್ಪಗಂಧವು ವಿರಳವಾಗಿದೆ. ಪರದೇಶ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವೂ ಇದೆ. ಆದುದರಿಂದ ಅದನ್ನು ಹೊಲದಲ್ಲೇ ಬೆಳೆಯಬೇಕು. ಬೀಜ ಸರಿಯಾಗಿ ಮೊಳೆಯದಿದ್ದರೆ ಬೇರಿನ ತುಂಡು ನೆಡಬಹುದು. ಅರೆನೆರಳೂ ಸಾಕು, ನೀರು ನಿಲ್ಲಬಾರದು. ಬೇರು ಕೈಗೆ ಬರಲು ಒಂದೂವರೆ ಎರಡು ವರುಷ ಕಾಯಬೇಕು. ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಮಾತ್ರ ಎಕರೆಗಟ್ಟಲೆ ಹಾಕಬೇಡಿರಿ.

ಇಂಥ ಸಂಸ್ಥೆಗಳಿಗೆ ನಮ್ಮ ಬಿನ್ನಹವಿಷ್ಟೆ: ಯಾವ ಮೂಲಿಕೆ, ಎಷ್ಟು, ಯಾವ ಬೆಲೆಗೆ ಬೇಕೆಂದು ಗಡಿಯ ಎರಡೂ ಕಡೆಯ ರೈತರಿಗೆ ಮುಂಚಿತವಾಗಿ ತಿಳಿಸಲಿ, ಹಳ್ಳಿಯ ವೈದ್ಯರು ಬಲ್ಲದ್ದನ್ನು ಬರೆದಿಟ್ಟು ಒರೆಗೆ ಹಚ್ಚಲಿ. ಗಿಡ ಉಳಿಸುವ ಕೆಲಸ ನಮ್ಮದು. ಈ ಮಳೆಗಾಲಕ್ಕೆ ನಮ್ಮ ಬದುವಿನಲ್ಲಿ ಒಂದು ಸಾಲು ನೆಡುವೆವು, ತಾವೂ ನೆಡಿರಿ.